ಮಜ್ಜಿಗೆಗೆ ಯಾವ ಸೊಪ್ಪು?

ಬೇಸಿಗೆ ಬಂತೆಂದರೆ ಸುಂಕದಕಟ್ಟೆಯ ನಮ್ಮ ಮನೆಯಲ್ಲಿ ನೀರು ಮಜ್ಜಿಗೆ ತಪ್ಪುವುದಿಲ್ಲ. ಅದಕ್ಕೆ ಹಾಕುವ ಕೊತ್ತಂಬರಿ, ಪುದೀನ, ಕರಿಬೇವು ಇವುಗಳಲ್ಲಿ ಯಾವುದರ ಪರಿಮಳ ಹೆಚ್ಚು? ಒಂಬತ್ತನೆಯ ತರಗತಿಯ ಮಕ್ಕಳಿಗೆ ಈ ಪ್ರಶ್ನೆ ಕೊಟ್ಟಿದ್ದೆ. ‘ಕೊತ್ತಂಬರಿ’ ಎಂದು ಬರೆದ ಹುಡುಗಿಗೆ ಒಂದು ಅಂಕ ಕಳೆದೆ. ನಾನು ಮನೆಯಲ್ಲಿ ಮಾಡಿ ನೋಡಿದಾಗ ಪುದೀನ ಗೆದ್ದಿತ್ತು.

“ಸಾರ್, ಎರಡನ್ನೂ ತೂಗಿ ಹಾಕಿದ್ರಾ?” ಎಂದಳು.

ನಾನು ಹಾಕಿದ್ದು ಪುದೀನ ಒಂದು ಹಿಡಿ, ಕೊತ್ತಂಬರಿ ನಾಲ್ಕೇ ದಂಟು! ಅವಳ ಉತ್ತರ ಸರಿಯೋ ತಪ್ಪೋ ಬೇರೆ ಮಾತು. ನನ್ನ ಪ್ರಯೋಗವಂತೂ ತಪ್ಪು. ತರಗತಿಯ ಮುಂದೆಯೇ ಒಪ್ಪಿಕೊಂಡು ಅಂಕ ಹಿಂತಿರುಗಿಸಿದೆ.

ಸೊಪ್ಪಿನ ಪರಿಮಳ ಅದರಲ್ಲಿರುವ ತೈಲಗಳದ್ದು. ಪುದೀನದಲ್ಲಿ ಕಾರ್ವೋನ್, ಕೊತ್ತಂಬರಿ ಸೊಪ್ಪಿನಲ್ಲಿ ಆಲ್ಡಿಹೈಡ್‌ಗಳು. ಕುದಿಸಿದರೆ ಇವು ಹಬೆಯೊಂದಿಗೆ ಹಾರಿಹೋಗುತ್ತವೆ. ಸಾರನ್ನು ಇಳಿಸಿದ ಮೇಲೆ ಕೊತ್ತಂಬರಿ ಉದುರಿಸುವುದು ಇದಕ್ಕೇ. ಬಿಯರ್ ತಯಾರಿಸುವವರೂ ಇದನ್ನು ಬಲ್ಲರು: ಹಾಪ್ಸ್ ಹೂವನ್ನು ಕುದಿಸಿದರೆ ಕಹಿ, ಹುದುಗು ಬಂದ ಮೇಲೆ ಕುದಿಸದೆ ಹಾಕಿದರೆ ಪರಿಮಳ. ನಮ್ಮ ಮಜ್ಜಿಗೆಯೂ ಹುದುಗಿದ್ದೇ ತಾನೆ?

ನೀವೂ ಮಾಡಿ ನೋಡಿ. ನಾಲ್ಕು ಲೋಟಗಳಲ್ಲಿ 200 ಮಿ.ಲೀ.ನಂತೆ ಒಂದೇ ಮಜ್ಜಿಗೆ ತುಂಬಿ. ಸ್ಕೇಲಿನಿಂದ ತಕ್ಕಡಿ ಮಾಡಿ, ಒಂದೇ ನಾಣ್ಯದ ತೂಕಕ್ಕೆ ಮೂರು ಸೊಪ್ಪನ್ನೂ ತೂಗಿ, ಒಂದೇ ಸಮ ಹೆಚ್ಚಿ, ಒಂದೊಂದು ಲೋಟಕ್ಕೆ ಹಾಕಿ. ನಾಲ್ಕನೆಯದಕ್ಕೆ ಏನೂ ಬೇಡ. ಅರ್ಧ ಗಂಟೆ ಮುಚ್ಚಿಟ್ಟು, ಸೋಸಿ, ಅಜ್ಜಿಗೆ ಕಣ್ಣು ಮುಚ್ಚಿಸಿ ಮೂಸಲು ಕೊಡಿ. ಉತ್ತರ ಬರೆದುಕೊಳ್ಳಿ.

ತಂದೆತಾಯಂದಿರೇ, ಒಂದೆರಡು ಲೋಟ ಮಜ್ಜಿಗೆ ಹಾಳಾದರೆ ಗದರಬೇಡಿ. “ತೂಗಿ ಹಾಕಿದ್ರಾ?” ಎಂದು ಮೇಷ್ಟರನ್ನೇ ಕೇಳುವ ಧೈರ್ಯ ಅಷ್ಟು ಅಗ್ಗವಾಗಿ ಬೇರೆಲ್ಲೂ ಸಿಗದು.