ತುಳಿದರೆ ಉಳಿಯುವ ಹಾದಿ

ಇಟಲಿಯ ಟಸ್ಕನಿ ಪ್ರಾಂತ್ಯದ ಕಿಯಾಂಟಿ ಬೆಟ್ಟಗಳು ದ್ರಾಕ್ಷಾರಸಕ್ಕೆ ಹೆಸರಾದವು. ಅಲ್ಲಿನ ತೋಟಗಳ ನಡುವೆ ಹಾಯುವ ಬಿಳಿಯ ಜಲ್ಲಿಹಾದಿಗಳು ಡಾಂಬರಿನಡಿ ಮರೆಯಾಗಬಾರದೆಂದು ಜಾಂಕಾರ್ಲೊ ಬ್ರೊಚ್ಚಿ 1997ರಲ್ಲಿ ಗಯೋಲೆ ಎಂಬ ಊರಿನಿಂದ ‘ಲೆರೋಯಿಕಾ’ ಸೈಕಲ್ ಯಾತ್ರೆಯನ್ನು ಆರಂಭಿಸಿದರು. ಮೊದಲ ವರ್ಷ ಬಂದವರು 92 ಮಂದಿ, ಈಗ ಸಾವಿರಾರು. 1987ಕ್ಕಿಂತ ಹಿಂದಿನ ಸೈಕಲ್ಲುಗಳಿಗೆ ಅಲ್ಲಿ ಮನ್ನಣೆ. ಅತಿ ದೀರ್ಘ ಮಾರ್ಗ ಸುಮಾರು 209 ಕಿ.ಮೀ. ಇದು ಪಂದ್ಯವಲ್ಲ, ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಕಡಿದಾದ ಏರಿನಲ್ಲಿ ಇಳಿದು ತಳ್ಳಿದವರಿಗೂ, ತುಳಿದೇ ಏರಿದವರಿಗೂ ತಂಗುದಾಣದಲ್ಲಿ ಅದೇ ಬ್ರೆಡ್ಡು, ಅದೇ ಸೊಪ್ಪು-ಕಾಳಿನ ಸಾರು.

ಹಾದಿಯನ್ನು ಕಾಯಲು ಶಾಸನ ಬೇಕು, ನಿಜ. ಆದರೆ ಹಕ್ಕು ಕಾಗದದಲ್ಲಿದ್ದ ಮಾತ್ರಕ್ಕೆ ಹಾದಿ ಉಳಿಯದು. ತುಳಿಯುವವರಿಲ್ಲದ ದಾರಿಯ ಮೇಲೆ ಹುಲ್ಲು ಬೆಳೆಯುತ್ತದೆ. ಕಿಯಾಂಟಿಯ ಜನ ಅದನ್ನು ಹುಲ್ಲು ಬೆಳೆಯುವ ಮೊದಲೇ ಅರಿತರು.