ಗಡಿಯಾರದ ಕಿವಿ ಹಿಂಡಬೇಡಿ

ಅಪ್‌ಡೇಟ್ ಮುಗಿದು ಕಂಪ್ಯೂಟರ್ ಮತ್ತೆ ಶುರುವಾದಾಗ ಮೂಲೆಯಲ್ಲಿ ತಪ್ಪು ಸಮಯ ಕಾಣಿಸಿದರೆ ನೀವೇನು ಮಾಡ್ತೀರಿ? ಬಹುತೇಕ ಜನ ಮಾಡೋದು ಒಂದೇ. ಸೆಟ್ಟಿಂಗ್ಸ್‌ಗೆ ಹೋಗಿ, ಆಟೋಮ್ಯಾಟಿಕ್ ಅನ್ನೋದನ್ನ ಆಫ್ ಮಾಡಿ, ಫೋನ್ ನೋಡಿಕೊಂಡು ಅಂಕಿ ತಿದ್ದಿ, "ಹಾಳಾದ್ ಅಪ್‌ಡೇಟ್" ಅಂತ ಬೈದು ಮುಂದೆ ಹೋಗೋದು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದ ಹಾಗೆ! ಎತ್ತಿಗೆ ನೋವು, ಎಮ್ಮೆಗೆ ಜ್ವರ ಹಾಗೇ ಇರುತ್ತೆ.

ನನ್ನ ತಕರಾರು ಇಷ್ಟೇ. ಅಂಕಿ ತಿದ್ದಿದರೆ ರಿಪೇರಿ ಆಗಲ್ಲ. ಗಡಿಯಾರ ಎಷ್ಟು ತಪ್ಪಿದೆ ಅನ್ನೋದನ್ನ ಮೊದಲು ಲೆಕ್ಕ ಹಾಕಿ. ರೋಗ ಯಾವುದು ಅಂತ ಆ ವ್ಯತ್ಯಾಸವೇ ಹೇಳುತ್ತೆ.

ಕಂಪ್ಯೂಟರ್ ಒಳಗೆ ಸಮಯ ಅನ್ನೋದು ಎರಡು ಪದರದಲ್ಲಿದೆ. ಕೆಳಗಿನದು ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯ. ಮೇಲಿನದು ಟೈಮ್ ಝೋನ್, ಅಂದರೆ ಊರಿನ ನಿಯಮ. ರಾಹುಕಾಲ ನೆನಪಿಸಿಕೊಳ್ಳಿ. ಸೂರ್ಯ ಒಬ್ಬನೇ, ಆದರೆ ಲೆಕ್ಕ ಆಯಾ ಊರಿನ ಸೂರ್ಯೋದಯದಿಂದ ಶುರು. ಬೆಂಗಳೂರಿನ ಪಂಚಾಂಗದಲ್ಲಿರೋ ಗಂಟೆಯನ್ನ ಮ್ಯಾಕ್ವೆರಿ ಪಾರ್ಕ್‌ನಲ್ಲಿ ಹಾಗೇ ಬಳಸಿದರೆ ಆಗೋ ಎಡವಟ್ಟೇ ಇಲ್ಲೂ ಆಗೋದು.

ಈಗ ವ್ಯತ್ಯಾಸಕ್ಕೆ ಬರೋಣ.

ಬೇಸಿಗೆಯಲ್ಲಿ ಸರಿಯಾಗಿ ಒಂದು ಗಂಟೆ ಹಿಂದಿದೆಯಾ? ನಿಮ್ಮ ವಿಂಡೋಸ್ ಬ್ರಿಸ್ಬೇನ್ ಝೋನ್‌ನಲ್ಲಿರಬಹುದು. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಡೇಲೈಟ್ ಸೇವಿಂಗ್ ಇಲ್ಲ. ಚಳಿಗಾಲದಲ್ಲಿ ಸಿಡ್ನಿಗೂ ಬ್ರಿಸ್ಬೇನ್‌ಗೂ ಒಂದೇ ಸಮಯ, ಹಾಗಾಗಿ ತಪ್ಪು ಅಡಗಿರುತ್ತೆ. ಅಕ್ಟೋಬರ್‌ನ ಮೊದಲ ಭಾನುವಾರ ಹೊರಗೆ ಬರುತ್ತೆ. "ಕ್ಯಾನ್‌ಬೆರಾ, ಮೆಲ್ಬರ್ನ್, ಸಿಡ್ನಿ" ಅನ್ನೋ ಝೋನ್ ಆರಿಸಿದರೆ ಮುಗೀತು.

ನಾಲ್ಕೂವರೆ ಅಥವಾ ಐದೂವರೆ ಗಂಟೆ ಹಿಂದಿದೆಯಾ? ಕಂಪ್ಯೂಟರ್ ಇನ್ನೂ ಭಾರತದಲ್ಲೇ ಇದ್ದೀನಿ ಅಂದುಕೊಂಡಿದೆ. ಊರಿನಿಂದ ಲ್ಯಾಪ್‌ಟಾಪ್ ತಂದ ವಿದ್ಯಾರ್ಥಿಗಳೇ, ರಾತ್ರಿ ಹನ್ನೆರಡಕ್ಕೆ ಅಸೈನ್‌ಮೆಂಟ್ ಕೊಡಬೇಕಾದಾಗ ಇದು ತಮಾಷೆ ಅಲ್ಲ.

ಹತ್ತು ಅಥವಾ ಹನ್ನೊಂದು ಗಂಟೆ ಹಿಂದಿದೆಯಾ? ಅದೇ ಯಂತ್ರದಲ್ಲಿ ಲಿನಕ್ಸ್ ಕೂಡ ಇದೆಯಾ ನೋಡಿ. ಮದರ್‌ಬೋರ್ಡ್ ಮೇಲಿನ ಪುಟ್ಟ ಗಡಿಯಾರದಲ್ಲಿ ಲಿನಕ್ಸ್ ಸಾಮಾನ್ಯವಾಗಿ ಯುಟಿಸಿ ಬರೆಯುತ್ತೆ. ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಅಂತ ಓದುತ್ತೆ. ಅಪ್‌ಡೇಟ್ ಆದಾಗ ರೀಸ್ಟಾರ್ಟ್ ಆಗುತ್ತೆ, ರೀಸ್ಟಾರ್ಟ್ ಆದಾಗ ಈ ಜಗಳ ಬಯಲಾಗುತ್ತೆ. ಇಬ್ಬರಲ್ಲಿ ಒಬ್ಬರ ಅಭ್ಯಾಸ ಬದಲಿಸಬೇಕು, ಅಂಕಿಯನ್ನಲ್ಲ.

ವರ್ಷಗಟ್ಟಲೆ ಹಿಂದೆ ಹೋಗಿದೆಯಾ? ಡೆಸ್ಕ್‌ಟಾಪ್ ಆದರೆ, ಪ್ಲಗ್ ತೆಗೆದಾಗೆಲ್ಲ ಹೀಗಾದರೆ, ಮದರ್‌ಬೋರ್ಡ್‌ನ ಬ್ಯಾಟರಿ ಸತ್ತಿದೆ. ಸಾಮಾನ್ಯವಾಗಿ ಅದು ಸಿಆರ್2032, ಮೂರು ವೋಲ್ಟ್‌ನ ನಾಣ್ಯದಂಥ ಬ್ಯಾಟರಿ. ಸೂಪರ್‌ಮಾರ್ಕೆಟ್‌ನಲ್ಲೂ ಸಿಗುತ್ತೆ. ಇದಕ್ಕಾಗಿ ಹೊಸ ಕಂಪ್ಯೂಟರ್ ಕೊಳ್ಳಬೇಡಿ. ಕೈಯಿಂದ ದಿನಾಂಕ ಹಾಕೋದು ಸರಿ ಅನ್ನಿಸೋ ಸಂದರ್ಭ ಇದೊಂದೇ. ಮನೆ ಕಂಪ್ಯೂಟರ್‌ನಲ್ಲಿ ವಿಂಡೋಸ್‌ನ ಟೈಮ್ ಸರ್ವಿಸ್ ಸಾಮಾನ್ಯವಾಗಿ 15 ಗಂಟೆಗಿಂತ ಹೆಚ್ಚಿನ ವ್ಯತ್ಯಾಸವನ್ನ ತಾನಾಗಿ ತಿದ್ದಲ್ಲ. ಬ್ಯಾಟರಿ ಹಾಕಿ, ಸುಮಾರಾಗಿ ದಿನಾಂಕ ಕೊಟ್ಟು, ಆಮೇಲೆ "ಸಿಂಕ್ ನೌ" ಒತ್ತಿ.

"ಹಾಗಾದರೆ ಅಪ್‌ಡೇಟನ್ನೇ ನಿಲ್ಲಿಸಿಬಿಡೋಣ" ಅನ್ನೋರಿದ್ದಾರೆ. ಅವರಿಗೆ ಈ ಊರಿನ ಚರಿತ್ರೆ ಹೇಳಬೇಕು. 2000ರಲ್ಲಿ ಸಿಡ್ನಿ ಒಲಿಂಪಿಕ್ಸ್‌ಗಾಗಿ ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾದಲ್ಲಿ ಡೇಲೈಟ್ ಸೇವಿಂಗ್ ಆಗಸ್ಟ್ ಕೊನೆಯಲ್ಲೇ ಶುರುವಾಯ್ತು. 2006ರಲ್ಲಿ ಮೆಲ್ಬರ್ನ್‌ನ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ಅದು ಮುಗಿಯೋದು ಒಂದು ವಾರ ಮುಂದೆ ಹೋಯ್ತು. 2008ರಲ್ಲಿ ಶಾಶ್ವತವಾಗಿ ಬದಲಾಗಿ, ಅಕ್ಟೋಬರ್‌ನ ಮೊದಲ ಭಾನುವಾರದಿಂದ ಏಪ್ರಿಲ್‌ನ ಮೊದಲ ಭಾನುವಾರದವರೆಗೆ ಅಂತಾಯ್ತು. ಕಂಪ್ಯೂಟರ್‌ಗೆ ಇದನ್ನ ಯಾರು ಹೇಳಬೇಕು? ಅಪ್‌ಡೇಟೇ ಹೇಳಬೇಕು. ಸರ್ಕಾರ ನಿಯಮ ಬದಲಿಸಿದಾಗ ಹೊಸ ನಿಯಮ ಹೊತ್ತು ತರೋ ಅಂಚೆಯವನೇ ಅದು. ಅವನನ್ನ ಬಾಗಿಲಲ್ಲೇ ತಡೆದು, ಆಮೇಲೆ ಪತ್ರ ಬರಲಿಲ್ಲ ಅಂತ ದೂರೋದು ಯಾವ ನ್ಯಾಯ?

ಇನ್ನೊಂದು ಅಭ್ಯಾಸ ಇದಕ್ಕಿಂತ ಕೆಟ್ಟದ್ದು. ಊರಿನ ಸಮಯ ಕಣ್ಣೆದುರಿಗೆ ಇರಲಿ ಅಂತ ಸಿಡ್ನಿ ಝೋನ್ ಇಟ್ಟುಕೊಂಡೇ ಗಡಿಯಾರವನ್ನ ಕೈಯಿಂದ ಹಿಂದಕ್ಕೆ ತಿರುಗಿಸೋದು. ಅಮ್ಮನ ಮೇಲಿನ ಪ್ರೀತಿ ಅರ್ಥವಾಗುತ್ತೆ. ಆದರೆ ಹೀಗೆ ಮಾಡಿದಾಗ ಕೆಳಗಿನ ಪದರ, ಆ ಯುಟಿಸಿಯೇ, ಸುಳ್ಳಾಗುತ್ತೆ. ಆ ಯಂತ್ರದಲ್ಲಿರೋ ಆಥೆಂಟಿಕೇಟರ್ 30 ಸೆಕೆಂಡಿಗೊಮ್ಮೆ ಕೊಡೋ ಕೋಡ್ ಯುಟಿಸಿಯನ್ನೇ ನಂಬಿದೆ, ಆದ್ದರಿಂದ ಲಾಗಿನ್ ಆಗಲ್ಲ. ಇವತ್ತೇ ಶುರುವಾದ ಸರ್ಟಿಫಿಕೇಟನ್ನ ಬ್ರೌಸರ್ ಒಪ್ಪಲ್ಲ. ಮೀಟಿಂಗ್‌ನ ನೆನಪೋಲೆ ಹೊತ್ತು ಮೀರಿ ಬರುತ್ತೆ. ಝೋನ್ ಬದಲಿಸಿದರೆ ಇದ್ಯಾವುದೂ ಕೆಡಲ್ಲ. ಅದಕ್ಕಿಂತ ಒಳ್ಳೆ ದಾರಿ, ವಿಂಡೋಸ್‌ನಲ್ಲೇ ಎರಡನೇ ಗಡಿಯಾರ ಸೇರಿಸಿ ಅದಕ್ಕೆ ಭಾರತದ ಝೋನ್ ಕೊಡೋದು. ಇಲ್ಲಿ ರಾತ್ರಿ ಹತ್ತಾದಾಗ ಬೆಂಗಳೂರಲ್ಲಿ ಜುಲೈನಲ್ಲಾದರೆ ಸಂಜೆ ಐದೂವರೆ, ಜನವರಿಯಲ್ಲಾದರೆ ನಾಲ್ಕೂವರೆ. ಆ ಗಡಿಯಾರ ಈ ಲೆಕ್ಕವನ್ನ ತಾನೇ ನೋಡಿಕೊಳ್ಳುತ್ತೆ.

ತಪ್ಪೆಲ್ಲಾ ನಿಮ್ಮದೇ ಅಂತ ನಾನು ಹೇಳ್ತಿಲ್ಲ. ಹಾರ್ಡ್‌ವೇರ್ ಗಡಿಯಾರದಲ್ಲಿ ಸ್ಥಳೀಯ ಸಮಯ ಇಡೋದು ಡಾಸ್ ಕಾಲದ ಪಳೆಯುಳಿಕೆ. ವರ್ಷಕ್ಕೆ ಎರಡು ಸಲ ಸಮಯ ಬದಲಾಗೋ ಊರಿನಲ್ಲಿ ಅದು ಅನರ್ಥಕ್ಕೇ ದಾರಿ. ಮೈಕ್ರೋಸಾಫ್ಟ್ ಇದನ್ನ ಎಂದೋ ಬಿಡಬೇಕಿತ್ತು. "ಟೈಮ್ ತಪ್ಪಿದೆ" ಅಂತ ಮಾತ್ರ ತೋರಿಸಿ, ಯಾಕೆ ತಪ್ಪಿದೆ ಅಂತ ಹೇಳದ ಸಾಫ್ಟ್‌ವೇರ್ ಕೂಡ ನಮ್ಮನ್ನ ಬರೆ ಎಳೆಯೋರನ್ನಾಗಿ ಮಾಡಿದೆ.

ಇಲ್ಲೇ ಹುಟ್ಟಿ ಬೆಳೆದ ನಿಮಗೆ ಕೊನೆಯ ಮಾತು. ಮನೆಯ ಕಂಪ್ಯೂಟರ್ ರಿಪೇರಿ ಹೇಗೂ ನಿಮ್ಮ ತಲೆಗೇ ಬಂದಿರುತ್ತೆ. ಮುಂದಿನ ಸಲ ಅಪ್ಪ "ಟೈಮ್ ಸರಿ ಮಾಡೋ" ಅಂದಾಗ ತಕ್ಷಣ ಮೌಸ್ ಹಿಡೀಬೇಡಿ. "ಎಷ್ಟು ಗಂಟೆ ವ್ಯತ್ಯಾಸ ಇದೆಯಪ್ಪಾ?" ಅಂತ ಕನ್ನಡದಲ್ಲೇ ಕೇಳಿ. ಉತ್ತರ ಒಂದಾ, ಐದೂವರೆಯಾ, ಹನ್ನೊಂದಾ ಅಂತ ಗೊತ್ತಾದರೆ ಅರ್ಧ ರಿಪೇರಿ ಆದ ಹಾಗೆ.