ಯಂತ್ರಕ್ಕೆ ಕಿವಿ ಕೊಟ್ಟವರು

ಹೊಸ ಧ್ವನಿಮುದ್ರಿಕೆಯೊಂದು ಕೈಗೆ ಬಂದರೆ ನಾವು ಮೊದಲು ನೋಡುವುದು ಹಾಡಿದವರು ಯಾರು ಅಂತ. ಆಮೇಲೆ ಪಿಟೀಲು ಯಾರದು, ಮೃದಂಗ ಯಾರದು, ತಬಲಾಕ್ಕೆ ಕೂತವರು ಯಾರು ಎಂದು ವಿಚಾರಿಸುತ್ತೇವೆ. ಈ ಪ್ರಶ್ನೆಗಳ ಹಿಂದೆ ಒಂದು ಗಟ್ಟಿ ನಂಬಿಕೆಯಿದೆ. ಸಂಗೀತ ನಿಜವಾಗಿ ನಡೆಯುವುದು ಕಛೇರಿಯಲ್ಲಿ, ಮುದ್ರಿಕೆಯೆಂದರೆ ಅದರ ನೆನಪು ಎಂಬ ನಂಬಿಕೆ ಅದು. ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಣ ಕೇಳುವಾಗ ನಾವು ಕಾಣದ ಬೈಠಕ್ಕೊಂದನ್ನು ಮನಸ್ಸಿನಲ್ಲೇ ಕಟ್ಟಿಕೊಂಡಿರುತ್ತೇವೆ, ಅದಕ್ಕೆ ಹೋಲಿಸಿಯೇ ಮುದ್ರಿಕೆಯನ್ನು ಅಳೆಯುತ್ತೇವೆ. ಎಲೆಕ್ಟ್ರಾನಿಕ್ ಆಲ್ಬಮ್ಮಿನ ಎದುರು ಈ ಅಳತೆ ನಡೆಯುವುದಿಲ್ಲ. ಅದರ ಹಿಂದೆ ಯಾವ ಬೈಠಕ್ಕೂ ಇಲ್ಲ, ಅಲ್ಲಿ ಆಲ್ಬಮ್ಮೇ ಕೃತಿ. ಹಾಗಾಗಿ ‘ಯಾರು ನುಡಿಸಿದರು’ ಎಂದು ಕೇಳಿ ಸರಿಯಾದ ಉತ್ತರ ಸಿಗದಿದ್ದಾಗ ‘ಯಂತ್ರ ನುಡಿಸಿತು’ ಎಂದು ಕೈತೊಳೆದುಕೊಳ್ಳುವುದು ರೂಢಿಯಾಗಿದೆ. ಈ ರೂಢಿ ತಪ್ಪು ಎಂಬುದು ಇಲ್ಲಿನ ವಾದ. ಈ ಸಂಗೀತವನ್ನು ಕಟ್ಟುವುದು ಕಿವಿ. ಯಂತ್ರ ಕೊಡಬಲ್ಲ ಲೆಕ್ಕವಿಲ್ಲದಷ್ಟು ಸದ್ದುಗಳಲ್ಲಿ ಯಾವುದನ್ನು ತಳ್ಳಬೇಕು, ಯಾವುದನ್ನು ಉಳಿಸಿಕೊಳ್ಳಬೇಕು, ಉಳಿಸಿಕೊಂಡದ್ದು ಎಷ್ಟು ಹೊತ್ತು ಇರಬೇಕು ಎಂದು ಕೇಳಿ ಕೇಳಿ ತೀರ್ಮಾನಿಸಿದವರು ಯಾರೋ ಅವರೇ ಇದರ ಸಂಗೀತಗಾರರು. ವಿಮರ್ಶೆ ತಲುಪಬೇಕಾದದ್ದೂ ಅವರನ್ನೇ.

ಡೀಲಿಯಾ ಡರ್ಬಿಶೈರ್ ಕೆಲಸ ಮಾಡಿದ ಬಗೆಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಲಂಡನ್ನಿನ ಬಿಬಿಸಿಯಲ್ಲಿ 1958ರಲ್ಲಿ ಶುರುವಾದ ರೇಡಿಯೋಫೋನಿಕ್ ವರ್ಕ್‌ಶಾಪ್ ನಾಟಕ ಮತ್ತು ಕಾರ್ಯಕ್ರಮಗಳಿಗೆ ಬೇಕಾದ ಸದ್ದು ಒದಗಿಸುತ್ತಿದ್ದ ವಿಭಾಗ, ಅವರು ಅಲ್ಲಿ ನೌಕರರಾಗಿದ್ದರು. 1963ರಲ್ಲಿ ‘ಡಾಕ್ಟರ್ ಹೂ’ ಧಾರಾವಾಹಿಯ ಶೀರ್ಷಿಕೆ ಸಂಗೀತಕ್ಕಾಗಿ ರಾನ್ ಗ್ರೈನರ್ ಬರೆದುಕೊಟ್ಟ ಸ್ವರಲಿಪಿ ಒಂದೇ ಹಾಳೆಯಷ್ಟಿತ್ತು. ಅದನ್ನು ನಾದವಾಗಿಸಿದವರು ಡರ್ಬಿಶೈರ್. ಆಗ ಅಲ್ಲಿ ಸಿಂಥಸೈಜರ್ ಇರಲಿಲ್ಲ. ಬಿಗಿದ ಒಂದು ತಂತಿಯನ್ನು ಮೀಟಿ ಆ ಸದ್ದನ್ನು ಟೇಪಿಗೆ ಹಿಡಿದರು. ಟೇಪಿನ ವೇಗ ಏರಿಸಿ ಇಳಿಸಿ ಆ ಒಂದೇ ಮೀಟಿನಿಂದ ಬೇರೆ ಬೇರೆ ಸ್ವರ ತೆಗೆದರು. ರಾಗದ ಎಳೆಗೆ, ವಿದ್ಯುತ್ತಿನಿಂದ ಸ್ವರ ಹೊರಡಿಸುವ ಆಸಿಲೇಟರುಗಳ ನಾದ ಬಳಸಿದರು. ಒಂದೊಂದು ಸ್ವರ ಎಷ್ಟು ಹೊತ್ತು ನಿಲ್ಲಬೇಕೋ ಅಷ್ಟು ಉದ್ದದ ಟೇಪು ಅಳೆದು, ಬ್ಲೇಡಿನಿಂದ ಕತ್ತರಿಸಿ, ಒಂದಕ್ಕೊಂದು ಅಂಟಿಸಿದರು. ಹೀಗೆ ಜೋಡಿಸಿದ ಸುರುಳಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಒಂದೇ ಗಳಿಗೆಗೆ ಚಾಲೂ ಮಾಡಿ ಎಲ್ಲವನ್ನೂ ಒಟ್ಟಿಗೆ ಮುದ್ರಿಸಿಕೊಂಡರು. ಕಾಲಪ್ರಮಾಣ ಎಂದು ನಾವು ಕರೆಯುವುದು ಅಲ್ಲಿ ಅಂಗುಲದ ಲೆಕ್ಕವಾಗಿತ್ತು. ಕೇಂಬ್ರಿಜ್‌ನಲ್ಲಿ ಗಣಿತವನ್ನೂ ಸಂಗೀತವನ್ನೂ ಓದಿದ್ದ ಅವರಿಗೆ ಆ ಲೆಕ್ಕ ಕಷ್ಟವಲ್ಲ. ಆದರೆ ತಂತಿಯ ಯಾವ ಮೀಟು ಸರಿ, ಯಾವುದು ಅಲ್ಲ ಎನ್ನುವುದನ್ನು ಲೆಕ್ಕ ಹೇಳುವುದಿಲ್ಲ, ಕಿವಿ ಹೇಳಬೇಕು. ಗ್ರೈನರ್ ಇದನ್ನು ಅರಿತು ಕೃತಿಯಲ್ಲಿ ಅವರಿಗೂ ಪಾಲು ಸಿಗಲಿ ಎಂದರು. ವಿಭಾಗದ ನೌಕರರ ಹೆಸರು ಹಾಕುವ ಪದ್ಧತಿ ಇಲ್ಲವೆಂದು ಸಂಸ್ಥೆ ಒಪ್ಪಲಿಲ್ಲ. ಡರ್ಬಿಶೈರ್ 2001ರಲ್ಲಿ ತೀರಿಕೊಂಡರು. ಆ ಧಾರಾವಾಹಿಯ ಐವತ್ತನೇ ವರ್ಷದ ಕಂತಿನಲ್ಲಿ, 2013ರಲ್ಲಿ, ತೆರೆಯ ಮೇಲೆ ಅವರ ಹೆಸರು ಬಂತು. ಯಂತ್ರದ ಸಂಗೀತಕ್ಕೆ ಕರ್ತೃವಿಲ್ಲ ಎಂಬ ಮಾತು ತತ್ತ್ವದ ಮಟ್ಟದಲ್ಲಿ ನಿಲ್ಲುವುದಿಲ್ಲ. ಅದು ಒಬ್ಬರ ದುಡಿಮೆಯ ಹಕ್ಕನ್ನೇ ಕಸಿಯುತ್ತದೆ.

ವೆಂಡಿ ಕಾರ್ಲೋಸ್ 1968ರಲ್ಲಿ ಹೊರತಂದ ‘ಸ್ವಿಚ್ಡ್-ಆನ್ ಬಾಖ್’ ಕೂಡ ಇದನ್ನೇ ಇನ್ನೊಂದು ಬದಿಯಿಂದ ತೋರಿಸುತ್ತದೆ. ಅವರ ಕೈಯಲ್ಲಿದ್ದ ಮೂಗ್ ಸಿಂಥಸೈಜರ್ ಒಂದು ಸಲಕ್ಕೆ ಒಂದೇ ಸ್ವರ ಹೊರಡಿಸುತ್ತಿತ್ತು. ಬಾಖ್‌ನ ಸಂಗೀತವಾದರೋ ಹಲವು ಎಳೆಗಳು ಏಕಕಾಲಕ್ಕೆ ಹೆಣೆದುಕೊಂಡು ಸಾಗುವಂಥದ್ದು. ಹಾಗಾಗಿ ಪ್ರತಿ ಎಳೆಯನ್ನೂ ಬೇರೆಯಾಗಿ ನುಡಿಸಿ ಒಂದರ ಮೇಲೊಂದು ಕೂರಿಸಬೇಕಿತ್ತು. ಯಂತ್ರದ ಶ್ರುತಿಯೂ ನೆಚ್ಚುವಂತಿರಲಿಲ್ಲ. ನಾಲ್ಕು ಸ್ವರ ನುಡಿಸುವಷ್ಟರಲ್ಲಿ ಜಾರುತ್ತಿತ್ತು, ನಿಲ್ಲಿಸಿ ಮತ್ತೆ ಕೂಡಿಸಬೇಕಿತ್ತು. ಗುಂಡಿ ಒತ್ತಿದರೆ ಸಂಗೀತ ಬರುತ್ತದೆ ಎನ್ನುವವರು ಆ ಆಲ್ಬಮ್ಮಿನ ಯಾವುದಾದರೂ ಒಂದು ನಿಮಿಷವನ್ನು ಈ ಮಾಹಿತಿಯೊಂದಿಗೆ ಕೇಳಿ ನೋಡಬೇಕು.

ಇವೆರಡಕ್ಕಿಂತ ನಮಗೆ ಹತ್ತಿರವಾದದ್ದು, ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು, ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲಿ ಮಾಡಿದ ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’. ಸಿಂಗ್ ಹಿಂದಿ ಸಿನಿಮಾ ಸಂಗೀತದ ವಾದ್ಯವೃಂದಗಳಲ್ಲಿ ಗಿಟಾರು, ಕೀಬೋರ್ಡು ನುಡಿಸಿ ಪಳಗಿದವರು. ‘ಕುರ್ಬಾನಿ’ಯ ಹಾಡಿನಿಂದ ದೇಶವಿಡೀ ಡಿಸ್ಕೋ ಗುಂಗಿನಲ್ಲಿದ್ದ ಕಾಲ ಅದು. ಅವರು ಬಳಸಿದ್ದು ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು: ರಾಗದ ಎಳೆಗೆ ಜುಪಿಟರ್-8 ಸಿಂಥಸೈಜರ್, ತಾಳಕ್ಕೆ ಟಿಆರ್-808 ಡ್ರಮ್ ಯಂತ್ರ, ತಗ್ಗುಸ್ವರಕ್ಕೆ ಟಿಬಿ-303. ಈ ಮೂರನೆಯದು ಬೇಸ್ ಗಿಟಾರ್ ನುಡಿಸುವವರು ಸಿಗದಾಗ ಅವರ ಜಾಗ ತುಂಬಲೆಂದು ಮಾಡಿದ ಸಣ್ಣ ಪೆಟ್ಟಿಗೆ. ಅದಕ್ಕೆ ಸ್ವರ ಕಲಿಸುವುದು ತಾಳ್ಮೆ ಬೇಡುವ ಕೆಲಸ. ಮೊದಲು ಸ್ವರಗಳನ್ನಷ್ಟೇ ಸಾಲಾಗಿ ತುಂಬಬೇಕು. ಯಾವ ಸ್ವರ ಎಷ್ಟು ಹೊತ್ತು, ಎಲ್ಲಿ ಬಿಡುವು ಎಂಬುದನ್ನು ಆಮೇಲೆ ಬೇರೆಯಾಗಿ ತುಂಬಬೇಕು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬೇಕಾದ ಕಡೆ, ಒತ್ತು ಬೀಳಬೇಕಾದ ಕಡೆ ಗುರುತು ಹಾಕಬೇಕು. ಗಿಟಾರಿನವರಿಗೆ ಅದರ ಸದ್ದು ಹಿಡಿಸಲಿಲ್ಲ, 1984ರ ಹೊತ್ತಿಗೆ ಕಂಪನಿ ಅದರ ತಯಾರಿಕೆ ನಿಲ್ಲಿಸಿತು.

ಸಿಂಗ್ ಈ ಪೆಟ್ಟಿಗೆಗೆ ಏನು ಕೆಲಸ ಕೊಟ್ಟರು ಎಂಬುದರಲ್ಲೇ ಅವರ ಸಂಗೀತ ಬುದ್ಧಿ ಇದೆ. ಅವರು ಆರಿಸಿಕೊಂಡ ಹತ್ತು ರಾಗಗಳಲ್ಲಿ ಭೈರವ್, ಭೂಪಾಲಿ, ತೋಡಿ, ಯಮನ್, ಕಲಾವತಿ, ಮಾಲಕಂಸ್ ಇವೆ. ಕರ್ನಾಟಕ ಸಂಗೀತ ಕಲಿತ ಕಿವಿ ಇವುಗಳಲ್ಲಿ ಮೋಹನ, ಕಲ್ಯಾಣಿ, ವಲಚಿ, ಹಿಂದೋಳಗಳನ್ನು ಗುರುತಿಸುತ್ತದೆ. ಭೈರವ್‌ನ ಸ್ವರಗಳು ನಾವು ಸರಳೆ ವರಸೆಯಲ್ಲೇ ಕಲಿಯುವ ಮಾಯಾಮಾಳವಗೌಳದವು. ಡಿಸ್ಕೋ ಎಂದಮೇಲೆ ಪಾಶ್ಚಾತ್ಯ ಕಾರ್ಡುಗಳು ಬಂದೇ ಬರುತ್ತವೆ, ರಾಗ ಅದರಡಿ ಸಿಕ್ಕಿ ನಲುಗುತ್ತದೆ. ಸಿಂಗ್ ಕಾರ್ಡುಗಳ ಸಹವಾಸಕ್ಕೇ ಹೋಗಲಿಲ್ಲ. 303ರ ತಗ್ಗುಸ್ವರಗಳನ್ನು ಆಯಾ ರಾಗದ ಒಳಗೇ ಇಟ್ಟು, ಅದೇ ಸಾಲು ಸುತ್ತಿ ಸುತ್ತಿ ಬರುವಂತೆ ಮಾಡಿದರು. ತಂಬೂರಿ ಮಾಡುವ ಕೆಲಸವನ್ನು, ಅಂದರೆ ಆಧಾರಸ್ವರವನ್ನು ಕದಲದಂತೆ ಹಿಡಿದಿಡುವ ಕೆಲಸವನ್ನು, ಅದು ಚಲನೆಯಲ್ಲಿದ್ದುಕೊಂಡೇ ಮಾಡುತ್ತದೆ. ಮೇಲೆ ಜುಪಿಟರ್‌ನ ದನಿ ಸ್ವರದಿಂದ ಸ್ವರಕ್ಕೆ ಜಾರುವಾಗ ಮೀಂಡ್‌ನ ನೆರಳು ಸಿಗುತ್ತದೆ. ಹೊಗಳಿಕೆಗೆ ಮಿತಿಯೂ ಬೇಕು. ಭೈರವ್‌ನ ಕೋಮಲ ರಿಷಭ ಬಯಸುವ ಆಂದೋಲನವನ್ನಾಗಲಿ, ತೋಡಿಯ ಗಾಂಧಾರ ಕೂರುವ ಆ ನಿರ್ದಿಷ್ಟ ಜಾಗವನ್ನಾಗಲಿ ಸಮವಾಗಿ ಹನ್ನೆರಡು ಪಾಲು ಮಾಡಿದ ಕೀಬೋರ್ಡು ಮುಟ್ಟಲಾರದು. ಐದೇ ಸ್ವರಗಳ ಭೂಪಾಲಿ, ಕಲಾವತಿ, ಮಾಲಕಂಸ್‌ಗಳಲ್ಲಿ ಆಲ್ಬಮ್ ಹೆಚ್ಚು ಗೆಲ್ಲುತ್ತದೆ. ಇಂಥ ತೂಕ ಸಾಧ್ಯವಾಗುವುದು ಅದನ್ನು ಒಬ್ಬ ಸಂಗೀತಗಾರನ ತೀರ್ಮಾನಗಳ ಕೃತಿಯೆಂದು ಕೇಳಿದಾಗ ಮಾತ್ರ.

ಆಗ ಯಾರೂ ಹಾಗೆ ಕೇಳಲಿಲ್ಲ, ಆಲ್ಬಮ್ ಮೂಲೆ ಸೇರಿತು. ಡಚ್ ಸಂಗ್ರಾಹಕ ಎಡೋ ಬೌಮನ್‌ಗೆ ಅದರ ಪ್ರತಿಯೊಂದು ಭಾರತದಲ್ಲಿ ಸಿಕ್ಕಿ, 2010ರಲ್ಲಿ ಮರುಬಿಡುಗಡೆಯಾದಾಗ ಯೂರೋಪಿನಲ್ಲಿ ದೊಡ್ಡ ಸದ್ದಾಯಿತು. ಕಾರಣ ಬೇರೆ. ಷಿಕಾಗೋದ ಫ್ಯೂಚರ್ ತಂಡ 1987ರಲ್ಲಿ ‘ಆಸಿಡ್ ಟ್ರ್ಯಾಕ್ಸ್’ ಹೊರತಂದಾಗ ಹುಟ್ಟಿದ ಆಸಿಡ್ ಹೌಸ್ ಎಂಬ ನೃತ್ಯ ಸಂಗೀತದ ಜೀವಾಳ ಇದೇ 303. ಅದಕ್ಕೂ ಐದು ವರ್ಷ ಮೊದಲೇ ಮುಂಬಯಿಯಲ್ಲಿ ಇಂಥದೇ ಸದ್ದು! ಇದು ಯಾರೋ ಈಚೆಗೆ ಮಾಡಿ ಹಳೆಯದೆಂದು ನಂಬಿಸುತ್ತಿರುವ ಕೀಟಲೆ ಎಂದು ಸಂಶಯಿಸಿದವರೂ ಇದ್ದರು. ಸಂಶಯ ಕಳೆದ ಮೇಲೆ ಸಿಂಗ್ ಅವರಿಗೆ ‘ಆಸಿಡ್ ಹೌಸ್‌ನ ಮೂಲಪುರುಷ’ ಎಂಬ ಬಿರುದು ಬಂತು. ಅವರು ವಯಸ್ಸಾದ ಮೇಲೂ ಅದೇ ಯಂತ್ರಗಳನ್ನಿಟ್ಟುಕೊಂಡು ಯೂರೋಪಿನ ವೇದಿಕೆಗಳಲ್ಲಿ ನುಡಿಸಿದರು, 2015ರಲ್ಲಿ ತೀರಿಕೊಂಡರು. ಆ ಮನ್ನಣೆ ಅವರ ಕಣ್ಣೆದುರೇ ಬಂದದ್ದು ಸಂತೋಷದ ಸಂಗತಿ. ಆದರೂ ಆ ಬಿರುದು ಅವರ ಕೆಲಸವನ್ನು ಕಿರಿದು ಮಾಡುತ್ತದೆ. ಷಿಕಾಗೋದವರು 303 ನುಡಿಯುತ್ತಿರುವಾಗಲೇ ಅದರ ಗುಂಡಿಗಳನ್ನು ತಿರುಗಿಸಿ ಸದ್ದನ್ನು ಹಿಂಡಿ ಹಿಗ್ಗಿಸಿದರು, ಅವರಿಗೆ ಬೇಕಿದ್ದುದು ನಾದದ ಬಣ್ಣ. ಸಿಂಗ್ ಅವರಿಗೆ ಬೇಕಿದ್ದುದು ರಾಗದ ನೆಲೆ. ಎರಡು ಊರುಗಳ ಕಿವಿಗಳು ಒಂದೇ ಪೆಟ್ಟಿಗೆಯಿಂದ ಎರಡು ಬೇರೆ ಸಂಗೀತ ತೆಗೆದವು. ಒಂದನ್ನು ಇನ್ನೊಂದರ ಮುನ್ಸೂಚನೆ ಎಂದು ಓದಿದರೆ ಸಿಂಗ್ ಅರಿಯದೆ ಎಡವಿ ಬಿದ್ದ ಅದೃಷ್ಟವಂತರಾಗಿ ಕಾಣುತ್ತಾರೆ. ಅವರು ಮಾಡಿದ್ದು ತಿಳಿದೇ ಮಾಡಿದ್ದು.

ಶಾಸ್ತ್ರೀಯ ಸಂಗೀತದ ರಸಿಕರು ಎತ್ತುವ ಆಕ್ಷೇಪ ಗಂಭೀರವಾದದ್ದು. ಮನೋಧರ್ಮವಿಲ್ಲದೆ ಸಂಗೀತವೆಲ್ಲಿ, ಆ ಕ್ಷಣದಲ್ಲಿ ಹುಟ್ಟುವ ಸಂಗತಿ ಎಲ್ಲಿ, ಗಮಕ ಎಲ್ಲಿ ಎಂದು ಅವರು ಕೇಳುತ್ತಾರೆ. ಹಾರ್ಮೋನಿಯಂ ವಿರುದ್ಧವೂ ಇದೇ ಮಾತು ಕೇಳಿಬಂದಿತ್ತು, 1940ರಿಂದ ದಶಕಗಳ ಕಾಲ ಅದು ಆಕಾಶವಾಣಿಯಿಂದ ಹೊರಗಿತ್ತು. ಅತ್ತ ನಮ್ಮ ಕಂಪನಿ ನಾಟಕಗಳು ಅದೇ ಪೇಟಿಯ ಮೇಲೆ ನಿಂತಿದ್ದವು. ಸ್ಯಾಕ್ಸೊಫೋನಿನಲ್ಲಿ ಗಮಕ ಹುಟ್ಟದು ಎಂಬ ಮಾತಿಗೆ ಕದ್ರಿ ಗೋಪಾಲನಾಥರು ವಾದ್ಯವನ್ನೇ ತಿದ್ದಿಕೊಂಡು ಉತ್ತರ ಕೊಟ್ಟರು. ಆದರೆ ಈ ಉದಾಹರಣೆಗಳಿಂದ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲಾಗದು. ಎಲೆಕ್ಟ್ರಾನಿಕ್ ಆಲ್ಬಮ್ಮಿನಲ್ಲಿ ಕಛೇರಿಯ ಅಪಾಯವಿಲ್ಲ ಎನ್ನುವುದು ನಿಜ. ಹಾಡುಗಾರನೊಬ್ಬ ಮೇಲಿನ ಷಡ್ಜಕ್ಕೆ ಏರುವಾಗ ಕೇಳುವವರ ಉಸಿರು ಬಿಗಿಯುತ್ತದಲ್ಲ, ಆ ಅನುಭವ ಅಲ್ಲಿ ಸಿಗುವುದಿಲ್ಲ. ಇಷ್ಟನ್ನು ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ಕಾದಂಬರಿಕಾರ ತನ್ನ ವಾಕ್ಯವನ್ನು ಹತ್ತು ಸಲ ತಿದ್ದಿದ್ದಾನೆ ಎಂದು ಅದರ ಜೀವಂತಿಕೆಯನ್ನು ನಾವು ಅನುಮಾನಿಸುವುದಿಲ್ಲ. ಡರ್ಬಿಶೈರ್ ಒಂದು ಟೇಪಿನ ಚೂರನ್ನು ಎಸೆದು ಇನ್ನೊಂದನ್ನು ಅಂಟಿಸಿದ್ದೂ ಮನೋಧರ್ಮವೇ, ಅದು ನಡೆದದ್ದು ಏಕಾಂತದಲ್ಲಿ. ಇನ್ನು ಯಂತ್ರವೇ ಅಶುದ್ಧ ಎನ್ನುವವರಿಗೆ ಒಂದು ಸಂಗತಿ ನೆನಪಿಸಬೇಕು. ಇವತ್ತು ನಮ್ಮ ಎಷ್ಟೋ ಕಛೇರಿಗಳಲ್ಲಿ ಶ್ರುತಿ ಹಿಡಿದಿರುವುದು ಎಲೆಕ್ಟ್ರಾನಿಕ್ ತಂಬೂರಿ. ಅದನ್ನು ನಾಡಿಗೆಲ್ಲ ಮುಟ್ಟಿಸಿದ್ದು ಬೆಂಗಳೂರಿನ ರಾಡೆಲ್ ಸಂಸ್ಥೆ. ಅದನ್ನು ಕಟ್ಟಿದ ಜಿ. ರಾಜ್‌ನಾರಾಯಣ್ ಎಂಜಿನಿಯರ್ ಕೂಡ, ಕೊಳಲು ವಾದಕ ಕೂಡ.

ಇನ್ನೊಂದು ಆಕ್ಷೇಪ ಈ ಕಾಲದ್ದು. ಡರ್ಬಿಶೈರ್, ಕಾರ್ಲೋಸ್, ಸಿಂಗ್ ಬೆವರು ಹರಿಸಿದರು, ಸರಿ. ಈಗ ಲ್ಯಾಪ್‌ಟಾಪಿನಲ್ಲಿ ಸಿದ್ಧ ತುಣುಕುಗಳನ್ನು ಎಳೆದು ಜೋಡಿಸಿದರೆ ಸಾಕು, ಅದೂ ಬೇಡವೆಂದರೆ ನಾಲ್ಕು ಪದ ಬರೆದರೆ ಕೃತಕ ಬುದ್ಧಿಮತ್ತೆಯೇ ಹಾಡು ಕಟ್ಟಿಕೊಡುತ್ತದೆ. ಈಗಲೂ ಆ ಮರ್ಯಾದೆ ಕೊಡಬೇಕೆ ಎಂಬ ಪ್ರಶ್ನೆ. ಬೆವರಿನ ಲೆಕ್ಕದಲ್ಲಿ ಸಂಗೀತ ಅಳೆಯುವುದಾದರೆ ಕೊಡಬೇಕಿಲ್ಲ. ಆದರೆ ಮೇಲಿನ ಮೂವರನ್ನೂ ದೊಡ್ಡವರನ್ನಾಗಿ ಮಾಡಿದ್ದು ಬೆವರಲ್ಲ. ಎಲ್ಲಿ ನಿಲ್ಲಿಸಬೇಕು, ಯಾವುದು ಸಾಲದು ಎಂದು ಗುರುತಿಸಿದ ಕಿವಿ. ಸೌಲಭ್ಯ ಹೆಚ್ಚಿದಷ್ಟೂ ಆ ಕಿವಿಯ ಹೊಣೆ ಹೆಚ್ಚುತ್ತದೆ, ಯಾಕೆಂದರೆ ತಳ್ಳಬೇಕಾದದ್ದೇ ಹೆಚ್ಚು. ಯಂತ್ರ ಕೊಟ್ಟಿದ್ದನ್ನು ಹಾಗೆಯೇ ಎತ್ತಿಕೊಂಡವರ ಆಲ್ಬಮ್ಮುಗಳು ಒಂದರಂತೆ ಒಂದು ಕೇಳಿಸುತ್ತವೆ, ಅದನ್ನು ಹಾಗೆಂದು ಬರೆಯಲು ವಿಮರ್ಶಕರು ಹಿಂಜರಿಯಬೇಕಿಲ್ಲ. ಹಾಗೆ ಬರೆಯಬೇಕಾದರೂ ಒಳ್ಳೆಯದು ಯಾವುದೆಂದು ಕೇಳಿ ತಿಳಿದಿರಬೇಕು, ಅಷ್ಟೆ.

ಹಾಗೆ ಕೇಳಲು ಮೊದಲು ಅದು ಉಳಿದಿರಬೇಕು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಒಂದು ಮೂಗ್ ಸಿಂಥಸೈಜರ್ ಕೂಡಿಸಿಕೊಟ್ಟರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಐ.ಎಸ್. ಮಾಥುರ್, ಎಸ್.ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರ ಅದರಲ್ಲಿ ಕೃತಿ ರಚಿಸಿದರು. ಅಂದರೆ ಸಿಂಗ್ ಅವರ ಆಲ್ಬಮ್ಮಿಗೂ ಹತ್ತು ವರ್ಷ ಮೊದಲೇ ನಮ್ಮ ನೆಲದಲ್ಲಿ ಈ ಸಂಗೀತವಿತ್ತು. ಕೆಲವೇ ವರ್ಷಗಳಲ್ಲಿ ಸ್ಟುಡಿಯೊ ನಿಂತಿತು, ಟೇಪುಗಳು ಕಡತಗಳ ನಡುವೆ ಉಳಿದವು. ಬ್ರಿಟನ್ನಿನ ಕಲಾವಿದ ಪಾಲ್ ಪುರ್‌ಗಾಸ್ ಅವನ್ನು ಹುಡುಕಿ ತೆಗೆದು, ಅವು ಆಲ್ಬಮ್ಮಾಗಿ ಹೊರಬಂದದ್ದು 2023ರಲ್ಲಿ. ನಮ್ಮ ಸಿನಿಮಾ ಸಂಗೀತದಲ್ಲೂ ಹೀಗೆ ಕಣ್ಮರೆಯಾಗುತ್ತಿರುವುದು ಬಹಳವಿದೆ. 1987ರ ‘ಪ್ರೇಮಲೋಕ’ದ ಹಾಡುಗಳು ಬಾಯಿಪಾಠವಿರುವ ಕನ್ನಡಿಗರಿಗೆ ಹಂಸಲೇಖ ಗೊತ್ತು, ಗಾಯಕರು ಗೊತ್ತು. ಆ ಹಾಡುಗಳಲ್ಲಿ ಕೀಬೋರ್ಡಿಗೆ ಕೂತವರ, ರಿದಮ್ ಜೋಡಿಸಿದವರ ಹೆಸರು ಎಷ್ಟು ಜನರಿಗೆ ಗೊತ್ತು? ಅವರಲ್ಲಿ ಹಲವರನ್ನು ಇನ್ನೂ ಮಾತಾಡಿಸಬಹುದಾದ ಕಾಲ ಇದು. ಈ ಪತ್ರಿಕೆಯ ವಿಮರ್ಶೆಯ ಪುಟಗಳಲ್ಲಿ ಇನ್ನು ಮುಂದೆ ಎಲೆಕ್ಟ್ರಾನಿಕ್ ಆಲ್ಬಮ್ಮುಗಳಿಗೂ ಗಾಯನದ ಮುದ್ರಿಕೆಗಳಷ್ಟೇ ಜಾಗವಿರುತ್ತದೆ. ಪ್ರತಿ ವಿಮರ್ಶೆಯ ತಲೆಬರಹದ ಕೆಳಗೆ ಆಲ್ಬಮ್ ಕಟ್ಟಿದವರ ಹೆಸರು, ಬಳಸಿದ ಯಂತ್ರಗಳು, ಮುದ್ರಣದ ಜಾಗ ಮತ್ತು ವರ್ಷ ಇರಬೇಕೆಂದು ಬರೆಯುವವರನ್ನು ಕೋರಿದ್ದೇವೆ. ಹಳೆಯ ಸ್ಟುಡಿಯೊಗಳಲ್ಲಿ ಕೆಲಸ ಮಾಡಿದವರ ಬಗ್ಗೆ ತಿಳಿದ ಓದುಗರು ನಮಗೆ ಬರೆಯಬೇಕು.